ಮೊಳೆಗೆ ತೂಗುಹಾಕಿದ ಬಿಲ್ಲೆ

ಬೆಳಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಹೊಲಿಗೆ ಕಾರ್ಖಾನೆಯಲ್ಲಿ ಆರೋಗ್ಯ ತಪಾಸಣೆ ಶುರುವಾಗಿ ಎರಡು ಗಂಟೆ ಕಳೆದಿತ್ತು. ಅರವತ್ತನಾಲ್ಕು ಹೆಂಗಸರ ಪೈಕಿ ಮೂತ್ರದ ಮಾದರಿ ಕೊಟ್ಟವರು ಬರೀ ಹನ್ನೊಂದು ಮಂದಿ. ಆಫೀಸಿನ ಹನ್ನೆರಡು ಮಂದಿಯಂತೂ ಕಾಲು ಗಂಟೆಯೊಳಗೆ ಹನ್ನೆರಡು ಬಾಟಲಿ ತಂದಿಟ್ಟು ತಮ್ಮ ಪಾಡಿಗೆ ಹೋಗಿದ್ದರು.

ತಪಾಸಣೆಗೆಂದು ಆರೋಗ್ಯ ಕೇಂದ್ರದಿಂದ ಬಂದಿದ್ದ ನರ್ಸಿಗೆ ಇಪ್ಪತ್ತೆರಡು ವರ್ಷದ ಅನುಭವ. ಸೂಜಿಗೆ ಹೆದರುವವರನ್ನು ಬೇಕಾದಷ್ಟು ಕಂಡಿದ್ದಳು, ಖಾಲಿ ಬಾಟಲಿಗೆ ಹೆದರುವವರನ್ನು ಕಂಡಿರಲಿಲ್ಲ. ಎದ್ದು ಹೊಲಿಗೆ ಹಾಲಿಗೇ ಹೋದಳು. ಬಾಗಿಲ ಪಕ್ಕದ ಗೋಡೆಯಲ್ಲೊಂದು ಮೊಳೆ, ಅದರ ಕೆಳಗೆ ಬಾಟಲಿ ಹಿಡಿದ ಮೂವರು ಹೆಂಗಸರು.

“ಯಾಕ್ರಮ್ಮ ಇಲ್ಲಿ ನಿಂತಿದ್ದೀರಿ?”

“ಬಿಲ್ಲೆ ಬರ್ಬೇಕು ಸಿಸ್ಟರ್.”

ಅಂಗೈಯಗಲದ ಹಿತ್ತಾಳೆ ಬಿಲ್ಲೆ ಅದು. ಶೌಚಾಲಯಕ್ಕೆ ಹೋಗುವವಳು ಅದನ್ನು ತೆಗೆದುಕೊಂಡು ಹೋಗಬೇಕು, ಬಂದು ಮತ್ತೆ ಮೊಳೆಗೆ ಸಿಕ್ಕಿಸಬೇಕು. ಆಮೇಲೆ ಇನ್ನೊಬ್ಬಳ ಸರದಿ. ಅರವತ್ತನಾಲ್ಕು ಜನಕ್ಕೆ ಇದ್ದದ್ದು ಒಂದೇ ಬಿಲ್ಲೆ. ತಪಾಸಣೆಯ ದಿನವೆಂದು ನಿಯಮವೇನೂ ಸಡಿಲವಾಗಿರಲಿಲ್ಲ.

“ಬಿಲ್ಲೆ ಇಲ್ಲದಿದ್ರೆ ಇವರು ಅಲ್ಲೇ ಸಂತೆ ಕಟ್ಟಿಬಿಡ್ತಾರೆ,” ಎನ್ನುತ್ತ ಸೂಪರ್‌ವೈಸರ್ ಹತ್ತಿರ ಬಂದ. ದನಿ ತಗ್ಗಿಸಿದ. “ಸಿಸ್ಟರ್, ಆ ಕಾಲರಕ್ಕನ ಹೆಸರು ಅನ್‌ಫಿಟ್ ಪಟ್ಟೀಲಿ ಹಾಕಿಬಿಡಿ. ಇದೇ ತಿಂಗಳಲ್ಲಿ ಎರಡು ಸಲ ಜ್ವರ ಅಂತ ರಜೆ. ಅವಳ ಮೈಯೇ ಅಷ್ಟು.”

ಆ ಪಟ್ಟಿಯಲ್ಲಿ ಹೆಸರು ಬಿದ್ದವರಿಗೆ ಸೋಮವಾರದಿಂದ ಮೆಷಿನ್ ಇಲ್ಲ. ಹಾಲಿನಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು.

ಹದಿನಾಲ್ಕು ವರ್ಷದಿಂದ ಅಂಗಿಯ ಕಾಲರನ್ನಷ್ಟೇ ಹೊಲಿಯುತ್ತಿದ್ದವಳು ಕಾಲರಕ್ಕ. ತನ್ನ ಸರದಿ ಬಂದಾಗ ಬಾಟಲಿಯನ್ನು ಕರವಸ್ತ್ರದಲ್ಲಿ ಸುತ್ತಿ ತಂದು ತಪಾಸಣೆಯ ಮೇಜಿನ ಮೇಲಿಟ್ಟಳು. ತಳದಲ್ಲಿ ಒಂದು ಬೆರಳಿನಷ್ಟು ಇತ್ತು. ಬಣ್ಣ ಕಡು ಚಹಾದ್ದು.

“ಇದಕ್ಕೆ ಮುಂಚೆ ಹೋಗಿದ್ದು ಯಾವಾಗಮ್ಮ?”

“ಬೆಳಗ್ಗೆ ಐದೂವರೆಗೆ, ಮನೇಲಿ.”

“ನೀರು ಕುಡಿಯಲ್ವಾ?”

“ಕುಡಿದ್ರೆ ಹೋಗ್ಬೇಕಲ್ಲ! ದಿನಾ ಬಾಟಲಿ ತುಂಬ ನೀರು ತರ್ತೀನಿ, ಸಂಜೆ ಹಾಗೇ ವಾಪಸ್ ತಗೊಂಡ್ಹೋಗಿ ಮನೆ ಮುಂದಿನ ಗಿಡಕ್ಕೆ ಹಾಕ್ತೀನಿ. ಆ ಗಿಡ ನೋಡ್ಬೇಕು ನೀವು ಸಿಸ್ಟರ್, ನನಗಿಂತ ಗಟ್ಟಿಯಾಗಿದೆ.”

ಹಿಂದೆ ನಿಂತವರು ನಕ್ಕರು. ನರ್ಸ್ ಅವಳ ಬೆನ್ನಿಗೆ, ಪಕ್ಕೆಲುಬಿನ ಕೆಳಗೆ ಮೆಲ್ಲನೆ ಒತ್ತಿದಳು. ಕಾಲರಕ್ಕ ಹಲ್ಲು ಕಚ್ಚಿದಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು: “ನನ್ನ ಹೆಸರು ಬರೆದುಬಿಟ್ರಾ?”

“ಇನ್ನೂ ಪೆನ್ನಿನ ಮುಚ್ಚಳಾನೇ ತೆಗೆದಿಲ್ಲ,” ಎಂದ ನರ್ಸ್ ಮಾತ್ರೆ ಕೊಟ್ಟು, ನಾಳೆಯೇ ಡಾಕ್ಟರಿಗೆ ತೋರಿಸಬೇಕೆಂದು ಚೀಟಿ ಬರೆದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ವಿದ್ಯೆ ಅವಳಿಗೆ ಬರುತ್ತಿರಲಿಲ್ಲ.

ಊಟದ ಬಿಡುವು ಮುಗಿಯುವ ಹೊತ್ತಿಗೆ ಹೊಲಿಗೆ ಹಾಲಿನಿಂದ ಬಂದ ಬಾಟಲಿ ಮೂವತ್ತೊಂದಾಯಿತು. ನರ್ಸ್ ಅವನ್ನೆಲ್ಲ ಬಿಸಿಲು ಬೀಳುವ ಕಿಟಕಿಯ ಕಟ್ಟೆಯ ಮೇಲೆ ಜೋಡಿಸಿದಳು. ಹೆಸರಿಲ್ಲ, ಬರೀ ನಂಬರು. ಆಫೀಸಿನ ಹನ್ನೆರಡು ಎಡಕ್ಕೆ, ಹಾಲಿನವು ಬಲಕ್ಕೆ. ಆಮೇಲೆ ಪಟ್ಟಿಗೆ ಸಹಿ ಬೇಕೆಂದು ಮ್ಯಾನೇಜರನ್ನು ಕರೆಸಿದಳು.

ಮ್ಯಾನೇಜರ್ ಕಿಟಕಿಯ ಮುಂದೆ ನಿಂತ. “ಏನಿದು, ಎರಡು ಬೇರೆ ಬೇರೆ ಪರೀಕ್ಷೇನಾ?”

“ಒಂದೇ ಪರೀಕ್ಷೆ ಸರ್. ಎಡಗಡೆಯದು ನಿಮ್ಮ ಆಫೀಸು, ಬಲಗಡೆಯದು ಹೊಲಿಗೆ ಹಾಲ್.”

ಅವನು ಬಗ್ಗಿ ಎಡಗಡೆಯ ಬಾಟಲಿಗಳಲ್ಲಿ ತನ್ನ ನಂಬರು ಹುಡುಕಿದ. ತಿಳಿ ಹಳದಿ, ಆಚೆಗಿನ ಮರ ಬಾಟಲಿಯ ಮೂಲಕ ಕಾಣುತ್ತಿತ್ತು. ಬಲಗಡೆಯವುಗಳಲ್ಲಿ ಮರ ಕಾಣಲಿಲ್ಲ.

“ಇವರಿಗೆಲ್ಲ ಏನು ಕಾಯಿಲೆ?”

ನರ್ಸ್ ನಮೂನೆಯ ಹಾಳೆಗಳನ್ನು ಮುಂದಕ್ಕೆ ತಳ್ಳಿದಳು. ‘ಕಾರಣ’ ಎಂಬಲ್ಲಿ ನಾಲ್ಕು ಚೌಕಗಳಿದ್ದವು: ವಂಶ, ಅಭ್ಯಾಸ, ಮನೆ, ಇತರೆ. ಮೂವತ್ತೊಂದು ಹಾಳೆಗಳಲ್ಲೂ ‘ಇತರೆ’ಯ ಮುಂದೆ ಒಂದೇ ಮಾತು: ಕೆಲಸದ ಹೊತ್ತಿನಲ್ಲಿ ನೀರು ಕುಡಿಯುವುದಿಲ್ಲ, ಬಿಲ್ಲೆ ಒಂದೇ.

“ಬಿಲ್ಲೆ ತೆಗೆದ್ರೆ ಕೆಲಸ ಕೆಡುತ್ತೆ ಸರ್,” ಸೂಪರ್‌ವೈಸರ್ ಬಾಯಿ ಹಾಕಿದ. “ಯಾರು ಯಾವಾಗ ಎದ್ದು ಹೋಗ್ತಾರೋ ಲೆಕ್ಕವೇ ಇರಲ್ಲ.”

“ಈ ತಿಂಗಳು ಈ ಹಾಲಿನಲ್ಲಿ ಜ್ವರಕ್ಕೆ ಹೋದ ರಜೆ ನಲವತ್ತಮೂರು ದಿನ,” ಎಂದಳು ನರ್ಸ್. “ನಿಮ್ಮ ಹಾಜರಿ ಪುಸ್ತಕದಲ್ಲೇ ಇದೆ. ರೋಗಕ್ಕೆ ಬಿಲ್ಲೆ ಬೇಕಾಗಲ್ಲ ಅಣ್ಣ, ಅದು ನೇರ ಒಳಗೆ ಬರುತ್ತೆ.”

ಸೂಪರ್‌ವೈಸರ್ ಹಾಜರಿ ಪುಸ್ತಕ ತರಲು ಹೋಗಲಿಲ್ಲ. ಮ್ಯಾನೇಜರ್ ಅನ್‌ಫಿಟ್ ಪಟ್ಟಿ ಕೇಳಿದ. ನರ್ಸ್ ಕೊಟ್ಟಳು. ಅದರಲ್ಲಿ ಒಂದೇ ಒಂದು ಸಾಲಿತ್ತು: ‘ಹಿತ್ತಾಳೆ ಬಿಲ್ಲೆ, ಒಂದು.’

ಅವನು ಅದನ್ನು ಎರಡು ಸಲ ಓದಿದ. ನಗಲಿಲ್ಲ. ಜೇಬಿನಿಂದ ಪೆನ್ನು ತೆಗೆದು ಸಹಿ ಹಾಕಿದ.

ಎರಡು ದಿನದ ನಂತರ, ಡಾಕ್ಟರಿಗೆ ತೋರಿಸಿಕೊಂಡು ಕೆಲಸಕ್ಕೆ ಮರಳಿದ ಕಾಲರಕ್ಕ ಹತ್ತು ಗಂಟೆಗೆ ಮೆಷಿನ್ ನಿಲ್ಲಿಸಿ ಎದ್ದಳು. ಬಾಗಿಲ ಬಳಿ ಅಭ್ಯಾಸಬಲದಿಂದ ಗೋಡೆಯತ್ತ ಕೈ ಹೋಯಿತು. ಬರೀ ಮೊಳೆ ಇತ್ತು. ಹೋಗಿ ಬಂದಳು. ಹನ್ನೆರಡಕ್ಕೆ ಮತ್ತೊಮ್ಮೆ ಹೋಗಿ ಬಂದಳು.

ಆ ಸಂಜೆ ಮನೆ ಮುಂದಿನ ಗಿಡಕ್ಕೆ ಅವಳು ನಲ್ಲಿಯಿಂದ ನೀರು ಹಿಡಿದು ಹಾಕಬೇಕಾಯಿತು.