ಅಣ್ಣ ಬರೆದ ವಿಮರ್ಶೆ

ಪತ್ರಿಕೆಯಲ್ಲಿ ಅಣ್ಣ ಬರೆದದ್ದನ್ನು ಅಮ್ಮ ಇನ್ನೊಂದು ಸಲ ಜೋರಾಗಿ ಓದಿದರು. ತಂಗಿಯ ಮೊದಲ ಪಿಯಾನೊ ಕಾರ್ಯಕ್ರಮದ ವಿಮರ್ಶೆ ಅದು. ‘ನಿಜವಾದ ವರ್ಚುವೋಸೊ’ ಎಂಬಲ್ಲಿ ಅವರ ನಾಲಿಗೆ ತೊಡರಿತು.

“ಹಾಗಂದ್ರೇನೇ?”

“ಇಟಲಿ ಕಡೆಯ ಪದ ಅಮ್ಮ. ವಾದ್ಯ ಹೇಳಿದ ಹಾಗೆ ಕೇಳುತ್ತೆ, ಅಷ್ಟು ಪಳಗಿದ ಕೈ ಅಂತ,” ಎಂದಳು ತಂಗಿ. ಮುಖ ಮಾತ್ರ ಸಪ್ಪಗಿತ್ತು.

ಅಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪಕ್ಕದ ಮನೆಯವರಿಗೆ ತೋರಿಸಿ ಬರುತ್ತೇನೆಂದು ಪತ್ರಿಕೆ ಹಿಡಿದು ಹೊರಟೇಬಿಟ್ಟರು. ಆದರೆ ಆ ಪದದ ಮರ್ಮ ತಂಗಿಗೆ ಗೊತ್ತು. ವರ್ಷಗಟ್ಟಲೆ ಅಣ್ಣನ ವಿಮರ್ಶೆಗಳನ್ನು ಟೈಪ್ ಮಾಡಿಕೊಟ್ಟವಳು ಅವಳು. ಮನಸ್ಸಿಗೆ ಹಿಡಿಸಿದವರ ಜೊತೆ ಅವನು ಕಾಲಂ ತುಂಬ ಜಗಳವಾಡುತ್ತಿದ್ದ: ಇಲ್ಲಿ ಓಡಿದರು, ಅಲ್ಲಿ ಎಳೆದರು, ಇನ್ನೊಮ್ಮೆ ಕೇಳಬೇಕು. ಬರೆಯಲು ಏನೂ ತೋಚದಿದ್ದರೆ ವರ್ಚುವೋಸೊ ಎಂದು ಹೊಗಳಿ ಕೈತೊಳೆದುಕೊಳ್ಳುತ್ತಿದ್ದ. ಅದನ್ನು ಓದಿಕೊಂಡು ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೂ ಉಂಟು.

ನೃತ್ಯಶಾಲೆಯಲ್ಲಿ ಮಕ್ಕಳ ಕುಣಿತಕ್ಕೆ ನುಡಿಸುವ ಕೆಲಸ ಬಿಟ್ಟು ವೇದಿಕೆಯನ್ನೇ ನಂಬಿಕೊಳ್ಳಬಹುದೇ ಎಂಬುದನ್ನು ಅವಳು ಈ ವಿಮರ್ಶೆ ನೋಡಿ ತೀರ್ಮಾನಿಸುವವಳಿದ್ದಳು. ನಲವತ್ತು ದಾಟಿದವಳಿಗೆ ಇನ್ನೊಂದು ಅವಕಾಶ ಎಲ್ಲಿಂದ ಬರಬೇಕು? ದಿನವಿಡೀ ಊಟ ಸೇರಲಿಲ್ಲ.

ಸಂಜೆ ಅಣ್ಣ ಬಂದ. ಹಣ್ಣಿನ ಚೀಲ ಮೇಜಿನ ಮೇಲಿಟ್ಟು ಸೆಕೆಯ ಬಗ್ಗೆ, ಬಸ್ಸಿನ ನೂಕುನುಗ್ಗಲಿನ ಬಗ್ಗೆ ಏನೇನೋ ಹೇಳಿದ. ಅವಳು ಪಿಯಾನೊ ಪಕ್ಕದ ಸ್ಟೂಲಿನಲ್ಲಿ ಅವನನ್ನೇ ನೋಡುತ್ತ ಕೂತಿದ್ದಳು.

“ಎಲ್ಲಿ ತಪ್ಪಿದೆ?”

“ಎಲ್ಲೂ ತಪ್ಪಲಿಲ್ಲ.”

“ನನಗೂ ಬೆಣ್ಣೆ ಹಚ್ತೀಯಾ ಅಣ್ಣ?”

ಅವನು ಕನ್ನಡಕ ತೆಗೆದು ಒರೆಸಿದ. ಒಡಹುಟ್ಟಿದವಳ ಬಗ್ಗೆ ಹಾಗೆ ಬರೆದದ್ದು ಅವನನ್ನೂ ಬೆಳಗಿನಿಂದ ಕೊರೆಯುತ್ತಿತ್ತು.

“ನಿನ್ನ ಕೈಯಲ್ಲೇನೂ ದೋಷ ಇಲ್ಲ ಕಣೆ. ಕಷ್ಟದ ಜಾಗ ದಾಟಿದಾಗಲೆಲ್ಲ ನೀನು ತಲೆಯೆತ್ತಿ, ಮುಂದಿನ ಸಾಲಲ್ಲಿ ಕೂತಿದ್ದ ನನ್ನ ಪೆನ್ನು ನೋಡ್ತಿದ್ದೆ, ಅದು ಓಡ್ತಿದೆಯೋ ಇಲ್ವೋ ಅಂತ. ಇಡೀ ಸಂಜೆ ನೀನು ನುಡಿಸಿದ್ದು ಆ ಪೆನ್ನಿಗೆ.”

ತಂಗಿಗೆ ಅವಮಾನವಾಯಿತು, ಅವನು ಹೇಳಿದ್ದು ನಿಜ ಅಂತಲೂ ಅನ್ನಿಸಿತು. ಕೊನೆಗೆ ಪಿಯಾನೊ ಕಡೆಗೆ ತಿರುಗಿ, ಅವನಿಗೆ ಬೆನ್ನು ಮಾಡಿ ಕೂತಳು.

“ಈಗ ನನಗೋಸ್ಕರ ನುಡಿಸ್ಕೋತೀನಿ. ನೀನು ಬೇಕಿದ್ರೆ ಇರು, ಇಲ್ಲಾಂದ್ರೆ ಹೋಗು.”