ಲಾವಂಚದ ಎಣ್ಣೆ

ಬೇಸಿಗೆ ಏರಿದಂತೆ, ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ ಅತ್ತೆಯ ಬೆನ್ನಿನ ಹುಣ್ಣುಗಳು ಕೊಳೆಯತೊಡಗಿದವು. ಕೋಣೆಯ ನಾತಕ್ಕೆ ಮಹಾನಂದಾ ಸೆರಗನ್ನು ಮೂಗಿಗೆ ಒತ್ತಿಕೊಂಡೇ ಒಳಗೆ ಬರುತ್ತಿದ್ದಳು. ಅದರ ಮೇಲೆ ಅತ್ತೆಯದು ಒಂದೇ ರಗಳೆ.

“ಕಿಡಕಿ ಪರದೆ ಒಣಗ್ಯಾದ. ನೀರಾಗ ಲಾವಂಚದ ಎಣ್ಣಿ ಹಾಕಿ ಹೊಡಿಯವ್ವ. ಘಮಲು ಬರ್ಲಿ.”

“ಈಗರೆ ಹೊಡದೀನಲ್ರಿ.”

“ಸಾಲಂಗಿಲ್ಲ.”

ಮಹಾನಂದಾ ಸೋತುಹೋಗಿದ್ದಳು. ಇನ್ನು ತನ್ನ ಕೈಲಾಗದು, ನಾಳೆ ನಾದಿನಿಯನ್ನು ಕರೆಸಿ ಮುದುಕಿಯನ್ನು ಅವಳ ಜೊತೆ ಕಳಿಸಿಬಿಡುವುದೇ ಸರಿ ಎಂದುಕೊಂಡಳು. ಎಣ್ಣೆಯ ಶೀಶೆಯೂ ಬರಿದಾಗಿತ್ತು. ರಣಬಿಸಿಲಿನಲ್ಲಿ ಅಂಗಡಿಗೆ ಹೋಗುವ ತ್ರಾಣವಿಲ್ಲದೆ ಬರೀ ನೀರನ್ನೇ ಪರದೆಗೆ ಎರಚಿದಳು.

ಅತ್ತೆ ಉದ್ದಕ್ಕೆ ಉಸಿರೆಳೆದಳು. “ಹಾಂ, ಈಗ ಘಮ್ ಅಂತದ ನೋಡು.”

ಮಹಾನಂದಾಳಿಗೆ ತಡೆಯಲಾಗಲಿಲ್ಲ. “ಅದು ಬರೇ ನೀರು, ಅತ್ತಿ. ವಾಸನಿನೇ ಗೊತ್ತಾಗಲ್ಲಂದ್ರ ದಿನಾ ಎಣ್ಣಿ, ಎಣ್ಣಿ ಅಂತ ಯಾಕ ನನ್ನ ಜೀವ ತಿಂತೀರಿ?”

ಮುದುಕಿ ಸೊಸೆಯ ಕಡೆ ಕಣ್ಣು ಹೊರಳಿಸಿದಳು.

“ಲಕ್ವಾ ಹೊಡದಾಗೇ ನನ್ನ ಮೂಗೂ ಸತ್ತದವ್ವಾ. ಸೆರಗಿಲೆ ಮೂಗು ಮುಚ್ಕೊಂಡು ನೀ ಒಳಗ ಬರೋದು ನೋಡಿ, ನಿನಗಂತನೇ ಕೇಳ್ತಿದ್ದೆ.”