ಕೊಯ್ಯದ ಹುಲ್ಲು

ಫೆತಿನ್ಯಾಳ ಬೆರಳು ಚಿತ್ರದಲ್ಲಿನ ಹುಲ್ಲುಗಾವಲಿಗೆ ಇನ್ನೇನು ತಾಗಬೇಕು, ಕಾವಲಿನವನು ಗದರಿದ: "ಏಯ್ ಅಜ್ಜಿ, ಮುಟ್ಬೇಡ!"

"ಮುಟ್ಟಿದ್ರೆ ಹುಲ್ಲು ಬಾಡತ್ತೇನಪ್ಪಾ?" ಎಂದಳು ಅವಳು. ಚಿತ್ರ ಬರೆದ ಎವ್ಲಂಪಿ ನಿಕಿತಿಚ್ ಕಾವಲಿನವನನ್ನು ಕೈಸನ್ನೆಯಿಂದ ತಡೆದ. ಹರಕೆ ತೀರಿಸಲು ಮಾಸ್ಕೋಗೆ ಬಂದವಳು ಈ ಪ್ರದರ್ಶನಕ್ಕೂ ಬಂದಾಳೆಂದು ಅವನು ಎಣಿಸಿರಲಿಲ್ಲ. ಪಕ್ಕದಲ್ಲಿ ಒಬ್ಬ ಶ್ರೀಮಂತ ತನ್ನ ಹೆಂಡತಿಗೆ ವಿವರಿಸುತ್ತಿದ್ದ: "ಎಂಥ ನೆಮ್ಮದಿ ನೋಡು! ಒಂದು ಕುಡುಗೋಲೂ ಇಲ್ಲ. ಕಾಲವೇ ನಿಂತುಬಿಟ್ಟಿದೆ."

ನಿಲ್ಲಿಸಿದವನು ಎವ್ಲಂಪಿ. ಹೋದ ಬೇಸಿಗೆಯಲ್ಲಿ ಪೀಟರ್ ಸಂತನ ಹಬ್ಬ ಕಳೆದು ಫೆತಿನ್ಯಾಳ ಊರೆಲ್ಲ ಹುಲ್ಲು ಕೊಯ್ಯುತ್ತಿದ್ದಾಗ, "ಇನ್ನೊಂದು ವಾರ ಬಿಡಮ್ಮ, ಹೂವಿದೆ" ಎಂದು ಆ ಹುಲ್ಲುಗಾವಲಿನ ಒಡತಿಯಾದ ಈ ವಿಧವೆಯನ್ನು ಬೇಡಿಕೊಂಡಿದ್ದ. ಅವಳು ನಕ್ಕು ಒಪ್ಪಿದ್ದಳು. ದಿನವೂ ಅವನಿಗೆ ಹಾಲು ತಂದುಕೊಟ್ಟಿದ್ದಳು. ಚಿತ್ರ ಮುಗಿದ ದಿನವೇ ಮಳೆ ಹಿಡಿಯಿತು, ಮೂರು ವಾರ ಬಿಡಲಿಲ್ಲ. ಊರು ಬಿಡುವ ಬಂಡಿಯಲ್ಲಿ ಕುಳಿತು ಅವನು ಆ ಮಳೆಯನ್ನು ನೋಡಿದ್ದ, ಬಂಡಿ ತಿರುಗಿಸಿರಲಿಲ್ಲ.

"ಹಸುಗೆ ಚಳಿಗಾಲದಲ್ಲಿ ಏನ್ ಹಾಕ್ದೆಯಮ್ಮ?" ಎಂದು ಈಗ ಮೆಲ್ಲಗೆ ಕೇಳಿದ.

"ಹುಲ್ಲೆಲ್ಲಾ ಕೊಳೀತಲ್ಲ, ಝೋರ್ಕಾನ ಕಟುಕರಿಗೆ ಕೊಟ್ಟೆ. ಅದಕ್ಯಾಕೆ ಮುಖ ಚಿಕ್ಕದು ಮಾಡ್ಕೋತೀರಿ ಧಣಿ? ಹೂಂ ಅಂದೋಳು ನಾನು ತಾನೆ?" ಹೀಗೆಂದವಳು ಚಿತ್ರಕ್ಕೆ ಇನ್ನಷ್ಟು ಬಾಗಿದಳು. ಹೊಳೆಯ ಅಂಚಿನಲ್ಲಿದ್ದ ಕಂದು ಚುಕ್ಕೆಯೊಂದನ್ನು ಕಂಡು ಅವಳ ಮುಖ ಅರಳಿತು. "ಅಗೋ, ನಮ್ಮ ಝೋರ್ಕಾ! ಇಲ್ಲಿ ಎಷ್ಟು ಮೇದ್ರೂ ಮುಗಿಯಲ್ಲ ಬಿಡಿ. ಅವಳೇ ಅಲ್ವಾ?"

ಹಸಿರಿನ ನಡುವೆ ಚೆಂದ ಕಾಣಲೆಂದು ಅವನು ಇಟ್ಟ ಬರಿಯ ಬಣ್ಣ ಅದು.

"ಅವಳೇ," ಎಂದ ಎವ್ಲಂಪಿ.